ಡಿಫಾಲ್ಟ್ ಸೆಟಿಂಗ್‌ನಲ್ಲೂ ಕ್ರ್ಯಾಶ್: ಓವರ್‌ಕ್ಲಾಕಿಂಗ್ ಗೊಂದಲವನ್ನು ಬಿಡಿಸುವುದು ಹೇಗೆ?

ಗೇಮ್ ತೆರೆಯುತ್ತಿದ್ದಂತೆ 'ಔಟ್ ಆಫ್ ವಿಡಿಯೊ ಮೆಮೊರಿ' ಎಂಬ ಸಂದೇಶ ಬರುತ್ತದೆ, ಗೇಮ್ ಮುಚ್ಚಿಕೊಳ್ಳುತ್ತದೆ. ನೋಡಿದರೆ ಗ್ರಾಫಿಕ್ಸ್ ಕಾರ್ಡಿನಲ್ಲಿ 24 ಜಿಬಿ ಮೆಮೊರಿ ಇದೆ, ಅದರಲ್ಲಿ ಮುಕ್ಕಾಲು ಪಾಲು ಖಾಲಿ ಬಿದ್ದಿದೆ. ಡ್ರೈವರ್ ಬದಲಿಸಿದರೂ ಅದೇ ಕಥೆ, ಕಾರ್ಡನ್ನೇ ಬದಲಿಸಿದರೂ ಅದೇ ಕಥೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಜ್ವರ ಇದ್ದದ್ದು ಪ್ರೊಸೆಸರಿಗೆ.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಈ ತೊಂದರೆಗೆ 2024ರ ಜೂನ್, ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಒಂದೊಂದು ಮೈಕ್ರೋಕೋಡ್ (ಪ್ರೊಸೆಸರಿನೊಳಗೇ ಓಡುವ ಚಿಕ್ಕ ನಿಯಂತ್ರಣ ತಂತ್ರಾಂಶ) ಪರಿಷ್ಕರಣೆ ಬಂತು. ಇನ್ನು ಮುಗಿಯಿತು ಅಂದುಕೊಳ್ಳುವಾಗ 2025ರ ಮೇ ತಿಂಗಳಲ್ಲಿ ಮತ್ತೊಂದು ಬಂತು. ಇಷ್ಟೆಲ್ಲ ಆದಮೇಲೂ ಬಳಕೆದಾರರ ಪ್ರಶ್ನೆ ಉಳಿದೇ ಇದೆ. ಚಿಪ್ಪೇ ಕೆಟ್ಟದ್ದೋ, ಮದರ್‌ಬೋರ್ಡ್ ಕೆಡಿಸಿತೋ, ಓವರ್‌ಕ್ಲಾಕ್ ಮಾಡಿ ನಾವೇ ಕೆಡಿಸಿಕೊಂಡೆವೋ?

ಈ ಮೂರನ್ನೂ ಬೇರೆ ಬೇರೆ ಮಾಡಿ ನೋಡಲು ಆಗದಂತಾಗಿರುವುದೇ ಗೊಂದಲದ ಮೂಲ. ಓವರ್‌ಕ್ಲಾಕಿಂಗ್ ಅಂದರೆ ಚಿಪ್ಪನ್ನು ತಯಾರಕರು ಹೇಳಿದ್ದಕ್ಕಿಂತ ಹೆಚ್ಚು ವೇಗಕ್ಕೆ ಓಡಿಸುವುದು. ಅದು ಬಳಕೆದಾರ ಬಯಾಸ್‌ಗೆ, ಅಂದರೆ ಮದರ್‌ಬೋರ್ಡಿನ ಮೂಲ ಸೆಟಿಂಗ್‌ಗಳಿರುವ ತಂತ್ರಾಂಶಕ್ಕೆ, ಹೋಗಿ ತಾನಾಗಿ ಮಾಡಿಕೊಳ್ಳುವ ಕೆಲಸ ಅನ್ನುವ ಕಾಲ ಹೋಯಿತು. ಈಗ ಕಂಪ್ಯೂಟರ್ ಮೊದಲ ಸಲ ಆನ್ ಆಗುವ ಹೊತ್ತಿಗೇ ಅರ್ಧ ಓವರ್‌ಕ್ಲಾಕ್ ಆಗಿರುತ್ತದೆ. ಹಾಗಾಗಿ ಕ್ರ್ಯಾಶ್‌ನ ಕಾರಣ ಹುಡುಕುವ ಹಳೆಯ ಕ್ರಮಗಳೂ ಕೆಲವು ಕಡೆ ತಿರುಗುಮುರುಗಾಗಿವೆ.

## ಸುದ್ದಿ ನಡೆದು ಬಂದ ದಾರಿ

13ನೇ ತಲೆಮಾರು 2022ರ ಅಕ್ಟೋಬರಿನಲ್ಲಿ ಬಂತು, ಅದನ್ನೇ ತಿದ್ದಿ ತೀಡಿದ 14ನೇ ತಲೆಮಾರು 2023ರ ಅಕ್ಟೋಬರಿನಲ್ಲಿ. ಐ9-13900ಕೆ 5.8 ಗಿಗಾಹರ್ಟ್ಸ್‌ವರೆಗೆ ಓಡುತ್ತದೆ, 14900ಕೆ 6ರವರೆಗೆ, 14900ಕೆಎಸ್ 6.2ರವರೆಗೆ. ಇಷ್ಟು ವೇಗವನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಬೇಕಾದರೆ ಒಂದೆರಡು ಕೋರ್‌ಗಳಿಗೆ ಆಗಾಗ 1.5 ವೋಲ್ಟ್ ಆಸುಪಾಸು ಕೊಡಬೇಕಾಗುತ್ತದೆ. ಮುಂದಿನ ಕಥೆಯ ಬೀಜ ಇದೇ.

2023ರ ಕೊನೆ, 2024ರ ಆರಂಭದ ಹೊತ್ತಿಗೆ ಅನ್‌ರಿಯಲ್ ಎಂಜಿನ್ ಎಂಬ ಗೇಮ್ ಕಟ್ಟುವ ತಂತ್ರಾಂಶದಲ್ಲಿ ಮಾಡಿದ ಗೇಮ್‌ಗಳು ಶುರುವಾಗುವಾಗಲೇ ಬೀಳತೊಡಗಿದವು. ಆ ಹೊತ್ತಿನಲ್ಲಿ ಗೇಮ್ ಎರಡು ಭಾರಿ ಕೆಲಸ ಮಾಡುತ್ತಿರುತ್ತದೆ: ಊಡಲ್ ಎಂಬ ವಿಧಾನದಲ್ಲಿ ಅಡಕಗೊಂಡ ಡೇಟಾ ಬಿಚ್ಚುವುದು ಮತ್ತು ಚಿತ್ರ ಮೂಡಿಸುವ ಚಿಕ್ಕ ಪ್ರೋಗ್ರಾಂಗಳಾದ ಶೇಡರ್‌ಗಳನ್ನು ಕಂಪೈಲ್ ಮಾಡುವುದು. ಎರಡೂ ನಡೆಯುವುದು ಸಿಪಿಯುನಲ್ಲಿ. ಸಿಪಿಯು ಒಂದು ಕಡೆ ಲೆಕ್ಕ ತಪ್ಪಿದರೆ ಡ್ರೈವರ್ 'ಆಗಲಿಲ್ಲ' ಎಂದು ಉತ್ತರಿಸುತ್ತದೆ. ಗೇಮ್ ಅದನ್ನು ವಿಡಿಯೊ ಮೆಮೊರಿ ಸಾಲದು ಎಂದು ಅರ್ಥ ಮಾಡಿಕೊಂಡು ಹಾಗೆಯೇ ತೋರಿಸುತ್ತದೆ. 2024ರ ಏಪ್ರಿಲ್‌ನಲ್ಲಿ ಎನ್‌ವಿಡಿಯಾ ಕಂಪನಿ ತನ್ನ ಡ್ರೈವರ್ ಟಿಪ್ಪಣಿಯಲ್ಲೇ, ಈ ಪ್ರೊಸೆಸರ್‌ಗಳಲ್ಲಿ ಈ ಸಂದೇಶ ಕಂಡರೆ ಇಂಟೆಲ್ ಕಡೆ ನೋಡಿ ಎಂದು ಬಳಕೆದಾರರನ್ನು ಕಳಿಸಿತು.

ಜುಲೈ 2024ರಲ್ಲಿ ಇಂಟೆಲ್, ಮೈಕ್ರೋಕೋಡ್‌ನ ಒಂದು ಲೆಕ್ಕಾಚಾರ ಪ್ರೊಸೆಸರಿನಿಂದ ತಪ್ಪು ವೋಲ್ಟೇಜ್ ಕೇಳಿಸುತ್ತಿದೆ ಎಂದು ಒಪ್ಪಿಕೊಂಡಿತು. ಮೈಕ್ರೋಕೋಡ್ ಸಾಮಾನ್ಯವಾಗಿ ಬಯಾಸ್ ಜೊತೆ ಬರುತ್ತದೆ. ಸೆಪ್ಟೆಂಬರ್‌ನಲ್ಲಿ ಪೂರ್ತಿ ಕಾರಣ ಹೊರಬಿತ್ತು, ಅದಕ್ಕೆ 'ವಿ-ಮಿನ್ ಶಿಫ್ಟ್' ಎಂಬ ಹೆಸರೂ ಬಂತು. ಕೋರ್‌ನೊಳಗೆ ಎಲ್ಲ ಸರ್ಕಿಟ್‌ಗಳಿಗೂ ತಾಳ ಹಾಕಿಕೊಡುವ ಕ್ಲಾಕ್ ಜಾಲ ಅತಿ ವೋಲ್ಟೇಜ್ ಮತ್ತು ಬಿಸಿಗೆ ಸಿಕ್ಕಿ ಬೇಗ ಸವೆಯುತ್ತದೆ. ಸವೆದಾಗ ಆ ತಾಳದ ಆನ್-ಆಫ್ ಅನುಪಾತ ಏರುಪೇರಾಗಿ, ಮೊದಲು ಸಾಕಾಗುತ್ತಿದ್ದ ವೋಲ್ಟೇಜ್ ಅದೇ ವೇಗಕ್ಕೆ ಸಾಲದೆ ಹೋಗುತ್ತದೆ.

ಇದಕ್ಕೆ ದಾರಿ ಮಾಡಿಕೊಟ್ಟದ್ದು ನಾಲ್ಕು ಸಂದರ್ಭಗಳು ಎಂದು ಇಂಟೆಲ್ ಹೇಳಿತು. ಮದರ್‌ಬೋರ್ಡ್‌ನ ವಿದ್ಯುತ್ ಸೆಟಿಂಗ್ ಮಿತಿ ಮೀರಿದ್ದು ಮೊದಲನೆಯದು. ಬಿಸಿಯಾಗಿದ್ದಾಗಲೂ ಉನ್ನತ ವೇಗ ಬಿಟ್ಟುಕೊಡುತ್ತಿದ್ದ ಇಟಿವಿಬಿ ಎಂಬ ಬೂಸ್ಟ್ ಲೆಕ್ಕದ ದೋಷ ಎರಡನೆಯದು, ಅದಕ್ಕೆ ಮದ್ದು 0ಎಕ್ಸ್125 ಎಂಬ ಸಂಖ್ಯೆಯ ಮೈಕ್ರೋಕೋಡ್. ಪ್ರೊಸೆಸರ್ ಪದೇ ಪದೇ, ತುಂಬಾ ಹೊತ್ತು ಹೆಚ್ಚು ವೋಲ್ಟೇಜ್ ಕೇಳುತ್ತಿದ್ದುದು ಮೂರನೆಯದು, ಅದನ್ನು 1.55 ವೋಲ್ಟ್‌ಗೆ ಕಟ್ಟಿಹಾಕಿದ್ದು 0ಎಕ್ಸ್129. ಕೆಲಸವಿಲ್ಲದೆ ಸುಮ್ಮನಿದ್ದಾಗ ಅಥವಾ ಹಗುರ ಕೆಲಸದಲ್ಲಿದ್ದಾಗ ವೋಲ್ಟೇಜ್ ಏರುತ್ತಿದ್ದುದು ನಾಲ್ಕನೆಯದು, ಅದಕ್ಕೆ 0ಎಕ್ಸ್12ಬಿ. ಹಿಂದಿನ ಎರಡೂ ತಿದ್ದುಪಡಿಗಳು ಇದರೊಳಗೇ ಇವೆ. 2025ರ ಮೇ ತಿಂಗಳ 0ಎಕ್ಸ್12ಎಫ್, ದಿನಗಟ್ಟಲೆ ಆಫ್ ಮಾಡದೆ ಹಗುರ ಕೆಲಸದಲ್ಲಿ ಓಡುವ ಯಂತ್ರಗಳಿಗಾಗಿ ಬಂದದ್ದು. 13ನೇ ತಲೆಮಾರಿನ ಆರಂಭದ ಕೆಲವು ಚಿಪ್‌ಗಳಲ್ಲಿ ಒಳಸಂಪರ್ಕಗಳು ಆಕ್ಸಿಡೀಕರಣಗೊಂಡ ಸುದ್ದಿಯನ್ನೂ ಹಲವರು ಇದರ ಜೊತೆ ಬೆರೆಸಿಬಿಟ್ಟಿದ್ದಾರೆ. ಅದು ತಯಾರಿಕೆಯ ದೋಷ, ಬೇರೆಯದೇ ವಿಷಯ.

## ತಪ್ಪು ಯಾರದು?

ಇಂಟೆಲ್‌ನ ಮೊದಲ ವಾದ ಮದರ್‌ಬೋರ್ಡ್ ತಯಾರಕರ ಕಡೆ ಬೊಟ್ಟು ಮಾಡಿತ್ತು. ಅದರಲ್ಲಿ ಹುರುಳಿಲ್ಲ ಅನ್ನುವಂತಿಲ್ಲ. 13900ಕೆ ಮತ್ತು 14900ಕೆಗೆ 253 ವ್ಯಾಟ್ ವಿದ್ಯುತ್, ಸಾಮಾನ್ಯ ಪರ್ಫಾರ್ಮೆನ್ಸ್ ಪ್ರೊಫೈಲ್‌ನಲ್ಲಿ 307 ಆಂಪಿಯರ್ ಕರೆಂಟ್ ಎಂಬ ಮಿತಿ ಇದೆ. ಹಲವು ಬೋರ್ಡ್‌ಗಳು ಪೆಟ್ಟಿಗೆಯಿಂದ ತೆಗೆದಾಗಲೇ ಈ ಮಿತಿಯನ್ನು 4096 ವ್ಯಾಟ್‌ಗೆ ಇಟ್ಟಿರುತ್ತಿದ್ದವು. 4096 ವ್ಯಾಟ್ ಅಂದರೆ ಮಿತಿಯೇ ಇಲ್ಲ ಎಂದರ್ಥ.

ಬೋರ್ಡ್ ತಯಾರಕರ ಪರವಾದ ವಾದಕ್ಕೂ ತೂಕ ಇದೆ. ವರ್ಷಗಟ್ಟಲೆ ಹೀಗೆಯೇ ನಡೆದಿತ್ತು, ಇಂಟೆಲ್ ಅಡ್ಡಿ ಮಾಡಿರಲಿಲ್ಲ. ವಿಮರ್ಶೆಗಳ ಬೆಂಚ್‌ಮಾರ್ಕ್ ಪಟ್ಟಿಯಲ್ಲಿ ಆ ಅಂಕಗಳಿಂದ ಇಂಟೆಲ್‌ಗೂ ಲಾಭವೇ ಆಗುತ್ತಿತ್ತು. 2024ರ ಏಪ್ರಿಲ್‌ನಲ್ಲಿ ಅವಸರದಲ್ಲಿ 'ಬೇಸ್‌ಲೈನ್ ಪ್ರೊಫೈಲ್' ಎಂಬ ಬಯಾಸ್‌ಗಳು ಬಂದಾಗ ಒಂದು ಬೋರ್ಡಿನ ಬೇಸ್‌ಲೈನ್ ಇನ್ನೊಂದರ ಬೇಸ್‌ಲೈನ್‌ಗೆ ಹೊಂದುತ್ತಿರಲಿಲ್ಲ. ಕೊನೆಗೆ ಇಂಟೆಲ್ ಅದನ್ನಲ್ಲ, 'ಇಂಟೆಲ್ ಡಿಫಾಲ್ಟ್ ಸೆಟಿಂಗ್ಸ್' ಬಳಸಿ ಎಂದು ಹೇಳಬೇಕಾಯಿತು.

ಮೂರನೆಯವರು ಗೇಮ್ ಕಂಪನಿಗಳು ಮತ್ತು ಸರ್ವರ್ ನಡೆಸುವವರು. ಆಲ್ಡೆರಾನ್ ಗೇಮ್ಸ್ ಎಂಬ ಸಂಸ್ಥೆ 2024ರ ಜುಲೈನಲ್ಲಿ, ಈ ಚಿಪ್‌ಗಳೇ ದೋಷಪೂರಿತ, ನಮ್ಮ ಸರ್ವರ್‌ಗಳನ್ನು ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ಪ್ರೊಸೆಸರ್‌ಗಳಿಗೆ ಬದಲಾಯಿಸುತ್ತಿದ್ದೇವೆ ಎಂದು ಬಹಿರಂಗವಾಗಿ ಹೇಳಿತು. ಸರ್ವರ್‌ಗೆಂದು ಮಾಡಿದ, ವೇಗಕ್ಕಿಂತ ಎಚ್ಚರಿಕೆಗೆ ಬೆಲೆ ಕೊಡುವ ಬೋರ್ಡ್‌ಗಳಲ್ಲೂ ಚಿಪ್ ಬೀಳುತ್ತಿದ್ದರೆ ಬೋರ್ಡ್ ಸೆಟಿಂಗ್ ಒಂದನ್ನೇ ದೂರುವಂತಿಲ್ಲ ಎಂಬುದು ಈ ವಾದದ ಗಟ್ಟಿ ಅಂಶ. ಇಂಟೆಲ್‌ನದೇ ನಾಲ್ಕು ಸಂದರ್ಭಗಳ ಪಟ್ಟಿಯಲ್ಲಿ ಮೂರು ಮೈಕ್ರೋಕೋಡ್‌ಗೆ ಸಂಬಂಧಿಸಿದವು. ಅಲ್ಲಿಗೆ ಈ ಚರ್ಚೆಯ ತಕ್ಕಡಿ ಯಾವ ಕಡೆ ವಾಲಿತು ಎಂದು ಬೇರೆ ಹೇಳಬೇಕಿಲ್ಲ.

## ವೇಗ, ವೋಲ್ಟೇಜ್, ಬಿಸಿ, ವಯಸ್ಸು

ಒಂದು ಕೋರ್ ನಿರ್ದಿಷ್ಟ ವೇಗದಲ್ಲಿ, ನಿರ್ದಿಷ್ಟ ಬಿಸಿಯಲ್ಲಿ ತಪ್ಪಿಲ್ಲದೆ ಲೆಕ್ಕ ಮಾಡಲು ಬೇಕಾದ ಕನಿಷ್ಠ ವೋಲ್ಟೇಜ್‌ಗೆ ವಿ-ಮಿನ್ ಅನ್ನುತ್ತಾರೆ. ಕೊಡುವ ವೋಲ್ಟೇಜ್ ಇದಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟು ಅಂತರ ನಮ್ಮ ಕೈಲಿದೆ. ವೇಗ ಏರಿಸಿದರೆ ಅಂತರ ಕರಗುತ್ತದೆ, ಬಿಸಿ ಏರಿದರೂ ಕರಗುತ್ತದೆ, ಚಿಪ್ ಹಳತಾದಂತೆಯೂ ಕರಗುತ್ತದೆ. ಅಂತರ ಸೊನ್ನೆಗಿಂತ ಕೆಳಗೆ ಇಳಿದ ಕ್ಷಣದಲ್ಲಿ ಯಾವುದೋ ಒಂದು ಬಿಟ್ ತಪ್ಪುತ್ತದೆ. ಅದು ಮುಖ್ಯವಲ್ಲದ ಬಿಟ್ ಆಗಿದ್ದರೆ ಏನೂ ಗೊತ್ತಾಗುವುದಿಲ್ಲ. ಮುಖ್ಯವಾದದ್ದಾದರೆ ನೀಲಿ ಪರದೆ.

ಹಾಗಿದ್ದರೆ ವೋಲ್ಟೇಜ್ ಏರಿಸಿದರೆ ಸರಿಹೋಯಿತಲ್ಲ? ಓವರ್‌ಕ್ಲಾಕ್ ಮಾಡುವವರ ಹಳೆಯ ಮನೆಮದ್ದು ಇದೇ. ಆದರೆ ಬೆಲೆ ಎಷ್ಟು ನೋಡಿ. ಪ್ರೊಸೆಸರ್ ತಿನ್ನುವ ವಿದ್ಯುತ್ ವೇಗಕ್ಕೆ ನೇರ ಅನುಪಾತದಲ್ಲಿ, ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. 5.5 ಗಿಗಾಹರ್ಟ್ಸ್‌ನಿಂದ 5.7ಕ್ಕೆ ಹೋಗಲು 1.30 ವೋಲ್ಟ್ ಇದ್ದದ್ದನ್ನು 1.38ಕ್ಕೆ ಏರಿಸಿದಿರಿ ಅಂದುಕೊಳ್ಳಿ. ವೇಗ ಏರಿದ್ದು ಶೇ. 3.6, ವಿದ್ಯುತ್ ಏರಿದ್ದು ಸುಮಾರು ಶೇ. 17. ಆ ವಿದ್ಯುತ್ತೆಲ್ಲ ಬಿಸಿಯಾಗಿ, ಬಿಸಿ ಮತ್ತೆ ವಿ-ಮಿನ್ ಅನ್ನು ಮೇಲೆತ್ತಿ, ಏರಿಸಿದ 80 ಮಿಲಿವೋಲ್ಟ್‌ನಲ್ಲಿ ಒಂದು ಪಾಲನ್ನು ತಾನೇ ನುಂಗಿಹಾಕುತ್ತದೆ. ಮೇಲಾಗಿ ಹೆಚ್ಚು ವೋಲ್ಟೇಜ್, ಹೆಚ್ಚು ಬಿಸಿ ಎಂಬ ಜೋಡಿಯೇ ಚಿಪ್ಪನ್ನು ಸವೆಸುವುದು. ಇವತ್ತು ಗುಣಪಡಿಸಿದ ಮದ್ದೇ ಮೂರು ತಿಂಗಳ ನಂತರ ರೋಗ ತರುತ್ತದೆ. ವಿ-ಮಿನ್ ಶಿಫ್ಟ್ ಆದ ಚಿಪ್ಪಿಗೆ ವೋಲ್ಟೇಜ್ ಏರಿಸಿ ನೆಟ್ಟಗೆ ಮಾಡಲು ಹೊರಟವರು ಅದರ ಆಯಸ್ಸನ್ನು ಇನ್ನಷ್ಟು ಬೇಗ ಮುಗಿಸಿಕೊಂಡದ್ದು ಇದೇ ಲೆಕ್ಕದಿಂದ.

## ಮೊದಲು ನಿಜವಾದ ತಳ ಮುಟ್ಟಬೇಕು

ಓವರ್‌ಕ್ಲಾಕ್ ಮಾಡಿದ ಯಂತ್ರ ಅಸ್ಥಿರವಾದರೆ ಎಲ್ಲವನ್ನೂ ಡಿಫಾಲ್ಟ್‌ಗೆ ತಂದು ನೋಡಿ ಎಂಬ ಸಲಹೆ ಎಲ್ಲರೂ ಕೊಡುತ್ತಾರೆ. ಸಲಹೆ ಸರಿ, ಆದರೆ ಬಯಾಸ್‌ನ 'ಲೋಡ್ ಆಪ್ಟಿಮೈಸ್ಡ್ ಡಿಫಾಲ್ಟ್ಸ್' ಒತ್ತಿದರೆ ಬರುವುದು ಬೋರ್ಡ್ ತಯಾರಕರ ಡಿಫಾಲ್ಟ್. ಹಳೆಯ ಬಯಾಸ್‌ನಲ್ಲಿ ಅದು ಪ್ರೊಸೆಸರ್ ತಯಾರಕರ ಡಿಫಾಲ್ಟ್ ಆಗಿರಬೇಕೆಂದೇನೂ ಇಲ್ಲ. ತಳ ಅಂದುಕೊಂಡು ನಿಂತ ಜಾಗ ಮೊದಲನೇ ಮಹಡಿ ಆಗಿರಬಹುದು.

ಮುಖ್ಯ ಫೈಲ್‌ಗಳನ್ನು ಬೇರೆ ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಂಡೇ ಕೆಲಸ ಶುರು ಮಾಡಿ. ಅಸ್ಥಿರ ಯಂತ್ರ ಬರೆಯುವ ಡೇಟಾವನ್ನು ನಂಬುವಂತಿಲ್ಲ. ಆಮೇಲೆ ಬಯಾಸ್ ಅನ್ನು ಇತ್ತೀಚಿನ ಆವೃತ್ತಿಗೆ ತನ್ನಿ. ಓವರ್‌ಕ್ಲಾಕ್ ಇರುವಾಗಲೇ ಬಯಾಸ್ ಫ್ಲಾಶ್ ಮಾಡಬೇಡಿ. ನಡುವೆ ಯಂತ್ರ ನಿಂತರೆ ಬೋರ್ಡ್ ಕೈಬಿಟ್ಟಂತೆಯೇ. ಫ್ಲಾಶ್ ಆದಮೇಲೆ ಪವರ್ ಸಪ್ಲೈ ಸ್ವಿಚ್ ಆಫ್ ಮಾಡಿ, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಉಳಿದ ವಿದ್ಯುತ್ ಇಳಿಸಿ, ಬಯಾಸ್ ಸೆಟಿಂಗ್‌ಗಳನ್ನು ಅಳಿಸುವ ಸಿಮೋಸ್ ಜಂಪರ್ ಮುಟ್ಟಿಸಿ ಹತ್ತು ಸೆಕೆಂಡ್ ಬಿಡಿ. ಡಿಡಿಆರ್5 ಯಂತ್ರಗಳಲ್ಲಿ ಇದಾದಮೇಲಿನ ಮೊದಲ ಬೂಟ್‌ಗೆ ಕೆಲವು ನಿಮಿಷ ಹಿಡಿಯುತ್ತದೆ. ಮೆಮೊರಿ ತರಬೇತಿ ನಡೆಯುತ್ತಿರುತ್ತದೆ, ಪರದೆ ಕಪ್ಪಗಿದೆ ಎಂದು ಹೆದರಿ ಆಫ್ ಮಾಡಬಾರದು.

ಬಯಾಸ್‌ನಲ್ಲಿ ಕಣ್ಣಾರೆ ನೋಡಬೇಕಾದವು: ಇಂಟೆಲ್ ಡಿಫಾಲ್ಟ್ ಸೆಟಿಂಗ್ಸ್ ಆನ್ ಆಗಿರಬೇಕು, ಕೋರ್‌ಗಳನ್ನು ಮಿತಿ ಮೀರಿ ಓಡಿಸುವ ಮಲ್ಟಿಕೋರ್ ಎನ್‌ಹ್ಯಾನ್ಸ್‌ಮೆಂಟ್ ಆಫ್ ಇರಬೇಕು, ವಿದ್ಯುತ್ ಮತ್ತು ಕರೆಂಟ್ ಮಿತಿಗಳು ನಿಮ್ಮ ಮಾದರಿಗೆ ಹೇಳಿದ ಅಂಕಿಯಲ್ಲಿರಬೇಕು, ಮೆಮೊರಿ ವೇಗ ಏರಿಸುವ ಪ್ರೊಫೈಲ್‌ಗಳಾದ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಫ್ ಇರಬೇಕು. ಎಎಂಡಿ ಯಂತ್ರವಾದರೆ ತಾನಾಗಿ ವೇಗ ಏರಿಸುವ ಪಿಬಿಒ ಮತ್ತು ಕೋರ್‌ಗಳ ವೋಲ್ಟೇಜ್ ತಿದ್ದುವ ಕರ್ವ್ ಆಪ್ಟಿಮೈಸರ್ ಆಫ್. ವಿಂಡೋಸ್ ಒಳಗೆ ಬಂದಮೇಲೆ ಎಚ್‌ಡಬ್ಲ್ಯುಇನ್ಫೊ ಎಂಬ ತಂತ್ರಾಂಶ ತೆರೆದರೆ ಮೈಕ್ರೋಕೋಡ್ ಸಂಖ್ಯೆ ಕಾಣುತ್ತದೆ. 13, 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಆದರೆ 12ಬಿ ಅಥವಾ ಅದಕ್ಕಿಂತ ಹೊಸದಿರಬೇಕು. ಹಿಂದೆ ಇನ್‌ಸ್ಟಾಲ್ ಮಾಡಿದ ಟ್ಯೂನಿಂಗ್ ತಂತ್ರಾಂಶಗಳನ್ನು ಜನ ಮರೆಯುತ್ತಾರೆ. ಬಯಾಸ್ ಎಷ್ಟು ಶುದ್ಧ ಮಾಡಿದರೂ, ವಿಂಡೋಸ್ ಶುರುವಾದ ಅರೆ ನಿಮಿಷಕ್ಕೆ ಎಕ್ಸ್‌ಟಿಯು ಅಥವಾ ಆಫ್ಟರ್‌ಬರ್ನರ್ ಹಳೆಯ ಪ್ರೊಫೈಲನ್ನು ಮತ್ತೆ ತಂದು ಕೂರಿಸುತ್ತದೆ.

ಈ ತಳದಲ್ಲೂ ಕ್ರ್ಯಾಶ್ ಆದರೆ ಸಮಸ್ಯೆ ನಿಮ್ಮ ಓವರ್‌ಕ್ಲಾಕ್‌ನದ್ದಲ್ಲ. ಆದರೆ ಒಂದು ಅನುಮಾನ ಬಾಕಿ ಇರುತ್ತದೆ: ಅಸ್ಥಿರವಾಗಿದ್ದ ದಿನಗಳಲ್ಲಿ ವಿಂಡೋಸ್‌ನ ಫೈಲ್‌ಗಳೇ ಕೆಟ್ಟಿರಬಹುದು. ಎಸ್‌ಎಫ್‌ಸಿ ಸ್ಕ್ಯಾನ್ ಓಡಿಸಿ ಅವನ್ನು ಸರಿಪಡಿಸದೆ ಚಿಪ್ಪಿನ ಮೇಲೆ ತೀರ್ಪು ಕೊಡುವುದು ಅನ್ಯಾಯ.

## ಕ್ರ್ಯಾಶ್ ಬಿಟ್ಟುಹೋದ ಗುರುತುಗಳು

ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಲಾಗ್ ತೆರೆದು ಡಬ್ಲ್ಯುಎಚ್‌ಇಎ-ಲಾಗರ್ ಹೆಸರಿನ ದಾಖಲೆಗಳನ್ನು ಹುಡುಕಿ. ಸಂಖ್ಯೆ 19 ಅಂದರೆ ಹಾರ್ಡ್‌ವೇರ್ ತಪ್ಪು ಆಯಿತು, ಹೇಗೋ ತಿದ್ದಿಕೊಂಡಿತು ಎಂದರ್ಥ. 18 ಅಂದರೆ ತಿದ್ದಿಕೊಳ್ಳಲಾಗಲಿಲ್ಲ. 19 ಕಂಡೂ ಯಂತ್ರ ಓಡುತ್ತಿದೆಯಲ್ಲ ಎಂದು ಸುಮ್ಮನಿರುವವರು ಹೆಚ್ಚು. ಅದು ಕ್ರ್ಯಾಶ್‌ಗೆ ಮುಂಚಿನ ನೋಟಿಸ್.

ಆ ದಾಖಲೆಯೊಳಗೆ ಎರಡು ಸಾಲು ಮುಖ್ಯ. ತಪ್ಪಿನ ಬಗೆ 'ಕ್ಯಾಶ್ ಹೈರಾರ್ಕಿ' ಎಂದಿದ್ದರೆ ಕೋರ್‌ಗೆ ವೋಲ್ಟೇಜ್ ಸಾಲದಿರುವ ಸಂಶಯ ಮೊದಲು ಬರಬೇಕು. ಎಎಂಡಿಯ ರೈಜನ್ ಪ್ರೊಸೆಸರ್‌ನಲ್ಲಿ 'ಬಸ್/ಇಂಟರ್‌ಕನೆಕ್ಟ್' ಎಂದಿದ್ದರೆ ಚಿಪ್ಪಿನ ಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ವೇಗ, ಮೆಮೊರಿ, ಮೆಮೊರಿ ಕಂಟ್ರೋಲರ್ ಇರುವ ಭಾಗದ ಎಸ್‌ಒಸಿ ವೋಲ್ಟೇಜ್ ಕಡೆ ನೋಡಬೇಕು. ಎರಡನೆಯದು ಎಪಿಐಸಿ ಐಡಿ, ಅಂದರೆ ತಪ್ಪು ಯಾವ ಥ್ರೆಡ್‌ನಲ್ಲಾಯಿತು ಎಂದು ಹೇಳುವ ಸಂಖ್ಯೆ. ಐದು ಸಲ ಬಿದ್ದಾಗಲೂ ಅದೇ ಐಡಿ ಬಂದರೆ ಅದೇ ಒಂದು ಕೋರ್ ದುರ್ಬಲ. ಎರಡು ಥ್ರೆಡ್‌ಗಳಿರುವ ಎಂಟು ಕೋರ್‌ನ ರೈಜನ್‌ನಲ್ಲಿ ಐಡಿಯನ್ನು ಎರಡರಿಂದ ಭಾಗಿಸಿದರೆ, ಸೊನ್ನೆಯಿಂದ ಎಣಿಸುವ ಕೋರ್ ಸಂಖ್ಯೆ ಸಿಗುತ್ತದೆ: ಐಡಿ 8 ಅಥವಾ 9 ಅಂದರೆ ಕೋರ್ 4. ಇಂಟೆಲ್‌ನಲ್ಲಿ ಎಣಿಕೆಯ ಕ್ರಮ ಬೇರೆ. ಪ್ರತಿ ಸಲ ಬೇರೆ ಬೇರೆ ಐಡಿ ಬಂದರೆ ಎಲ್ಲ ಕೋರ್‌ಗಳಿಗೂ ಸಮಾನವಾದ ಏನೋ, ಹೆಚ್ಚಾಗಿ ವೋಲ್ಟೇಜ್ ಪೂರೈಕೆ ಅಥವಾ ಮೆಮೊರಿ, ತಪ್ಪುತ್ತಿದೆ.

ನೀಲಿ ಪರದೆಯ ಹೆಸರುಗಳೂ ಸುಳಿವು ಕೊಡುತ್ತವೆ. 'ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್' ಅಂದರೆ ಒಂದು ಕೋರ್ ಉತ್ತರ ಕೊಡುವುದನ್ನೇ ನಿಲ್ಲಿಸಿದೆ. 'ಮೆಮೊರಿ ಮ್ಯಾನೇಜ್‌ಮೆಂಟ್' ಬಹುಮಟ್ಟಿಗೆ ರ‍್ಯಾಮ್ ಕಡೆ ತೋರುತ್ತದೆ. ಪ್ರತಿ ಸಲ ಹೊಸ ಹೆಸರಿನ ನೀಲಿ ಪರದೆ ಬರುತ್ತಿದ್ದರೂ ಮೊದಲ ಸಂಶಯ ರ‍್ಯಾಮ್ ಮೇಲೆಯೇ. ನೀಲಿ ಪರದೆಯೇ ಇಲ್ಲದೆ ಗಕ್ಕನೆ ಆಫ್ ಆಗಿ, ಲಾಗ್‌ನಲ್ಲಿ ಕರ್ನಲ್-ಪವರ್ 41 ಮಾತ್ರ ಉಳಿದಿದ್ದರೆ ಪವರ್ ಸಪ್ಲೈ, ಬೋರ್ಡಿನ ರಕ್ಷಣಾ ಮಿತಿ, ಸಡಿಲ ಕೇಬಲ್ ನೋಡಿ.

ಸಂಕೇತಗಳ ಗೋಜೇ ಬೇಡ ಅನ್ನುವವರಿಗೆ ಸರಳ ಪರೀಕ್ಷೆ ಒಂದಿದೆ. 20–30 ಜಿಬಿಯ ಆರ್ಕೈವ್ ಫೈಲ್ ಒಂದನ್ನು ಸೆವೆನ್-ಜಿಪ್‌ನಲ್ಲಿ 'ಟೆಸ್ಟ್' ಮಾಡಿ. ಸಿಆರ್‌ಸಿ (ಡೇಟಾ ತಾಳೆ ನೋಡುವ ಸಂಖ್ಯೆ) ತಪ್ಪು ಬಂದರೆ, ಅದೇ ಫೈಲನ್ನು ಮತ್ತೆ ಪರೀಕ್ಷಿಸಿ. ಎರಡು ಸಲವೂ ಅದೇ ಜಾಗದಲ್ಲಿ ತಪ್ಪಿದರೆ ಫೈಲೇ ಕೆಟ್ಟಿದೆ. ಒಮ್ಮೆ ತಪ್ಪಿ ಇನ್ನೊಮ್ಮೆ ಸಲೀಸಾಗಿ ಮುಗಿದರೆ ಫೈಲ್ ಚೆನ್ನಾಗಿಯೇ ಇದೆ, ಲೆಕ್ಕ ಮಾಡುವವನು ತಡವರಿಸುತ್ತಿದ್ದಾನೆ: ಸಿಪಿಯು ಅಥವಾ ರ‍್ಯಾಮ್. ಗೇಮ್‌ಗಳಲ್ಲಿ ಊಡಲ್ ಕಂಡುಹಿಡಿದದ್ದೂ ಇಂಥದ್ದೇ ತಪ್ಪನ್ನು. ಬಿಚ್ಚಿದ ಡೇಟಾ ಸರಿಯೋ ಎಂದು ಅದು ತಾಳೆ ನೋಡುತ್ತದೆ. ಬೇರೆ ತಂತ್ರಾಂಶಗಳು ನೋಡದೆ ಮುಂದೆ ಹೋಗುತ್ತವೆ, ಅಷ್ಟೇ ವ್ಯತ್ಯಾಸ.

## ರ‍್ಯಾಮ್‌ನಿಂದ ಶುರು ಮಾಡಿ

ಎಕ್ಸ್‌ಎಂಪಿ ಆನ್ ಮಾಡುವುದನ್ನು ಯಾರೂ ಓವರ್‌ಕ್ಲಾಕ್ ಎಂದು ಎಣಿಸುವುದಿಲ್ಲ. ಆದರೆ ಅದು ಅಪ್ಪಟ ಓವರ್‌ಕ್ಲಾಕ್. ಡಿಡಿಆರ್5ನ ಮೂಲ ಮಾನದಂಡ 4800 ವೇಗ, 1.1 ವೋಲ್ಟ್‌ನಿಂದ ಶುರುವಾಗುತ್ತದೆ. 14ನೇ ತಲೆಮಾರಿನ ಇಂಟೆಲ್ ಅಧಿಕೃತವಾಗಿ ಒಪ್ಪುವುದು 5600, ರೈಜನ್ 7000 ಸರಣಿ 5200. ಪೆಟ್ಟಿಗೆಯ ಮೇಲೆ 6000, 7200 ಎಂದು ಬರೆದಿರುವುದು ರ‍್ಯಾಮ್ ಕಡ್ಡಿಯ ಭರವಸೆ. ಪ್ರೊಸೆಸರಿನೊಳಗಿನ ಮೆಮೊರಿ ಕಂಟ್ರೋಲರ್ ಅಂಥ ಭರವಸೆ ಕೊಟ್ಟಿಲ್ಲ. ನಾಲ್ಕು ಕಡ್ಡಿ ಹಾಕಿದರಂತೂ ರೈಜನ್ 7000ಕ್ಕೆ ಅಧಿಕೃತ ವೇಗ 3600ಕ್ಕೆ ಇಳಿಯುತ್ತದೆ. ಎರಡು ಕಡ್ಡಿಯ ಕಿಟ್ ಎರಡು ತಂದು ನಾಲ್ಕು ಸ್ಲಾಟ್ ತುಂಬಿಸಿ 6000ದಲ್ಲಿ ಓಡಿಸಲು ಹೊರಟು ಸೋತವರಿಗೆ ಲೆಕ್ಕವಿಲ್ಲ.

ಡಿಡಿಆರ್5ನಲ್ಲಿ ಒಳಗೇ ಇಸಿಸಿ ಇದೆಯಲ್ಲ ಎಂಬ ಭಾವನೆಯೂ ತಪ್ಪು ದಾರಿಗೆ ಎಳೆಯುತ್ತದೆ. ಅದು ಮೆಮೊರಿ ಚಿಪ್ಪಿನ ಹೊಟ್ಟೆಯೊಳಗಿನ ಒಂದು ಬಿಟ್ ತಪ್ಪನ್ನು ತಿದ್ದುತ್ತದೆ. ಕಡ್ಡಿಯಿಂದ ಪ್ರೊಸೆಸರ್‌ಗೆ ಬರುವ ದಾರಿಯಲ್ಲಿ ಆಗುವ ತಪ್ಪಿಗೆ ಅದರಿಂದ ಉಪಯೋಗವಿಲ್ಲ, ಓವರ್‌ಕ್ಲಾಕ್‌ನಲ್ಲಿ ತಪ್ಪು ಆಗುವುದು ಬಹುಪಾಲು ಅಲ್ಲೇ.

ಮೊದಲು ಯುಎಸ್‌ಬಿಯಿಂದ ಬೂಟ್ ಆಗುವ ಮೆಮ್‌ಟೆಸ್ಟ್86ನ ನಾಲ್ಕು ಸುತ್ತು. ಅಲ್ಲಿ ಒಂದೇ ಒಂದು ತಪ್ಪು ಬಂದರೂ ವಿಂಡೋಸ್‌ಗೆ ಹೋಗಬೇಡಿ. ಅದು ದಾಟಿದ ಮೇಲೆ ವಿಂಡೋಸ್‌ನಲ್ಲಿ ಟೆಸ್ಟ್‌ಮೆಮ್5, ಆಮೇಲೆ ಪ್ರೈಮ್95ನ ಲಾರ್ಜ್ ಎಫ್‌ಎಫ್‌ಟಿ ಅಥವಾ ವೈ-ಕ್ರಂಚರ್. ಇವು ಮೆಮೊರಿ ಕಂಟ್ರೋಲರನ್ನೂ ಹಿಂಡುತ್ತವೆ. ಎಲ್ಲ ಪಾಸಾಗಿಯೂ ಗೇಮ್‌ನಲ್ಲಿ ಅರ್ಧ ಗಂಟೆಯ ನಂತರ ಬೀಳುತ್ತಿದ್ದರೆ ಬಿಸಿಯನ್ನು ನೋಡಿ. ರ‍್ಯಾಮ್ ತನ್ನ ಡೇಟಾವನ್ನು ಪುಟ್ಟ ವಿದ್ಯುದಾವೇಶವಾಗಿ ಹಿಡಿದಿಟ್ಟುಕೊಂಡು ಮತ್ತೆ ಮತ್ತೆ ನವೀಕರಿಸುತ್ತಿರುತ್ತದೆ, ಬಿಸಿಯಾದಷ್ಟೂ ಅದು ಬೇಗ ಸೋರುತ್ತದೆ. ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿ ನೇರ ಕಡ್ಡಿಗಳ ಮೇಲೆ ಬರುವ ಕೇಸ್‌ಗಳಲ್ಲಿ, ನವೀಕರಣದ ನಡುವಿನ ಅವಧಿಯನ್ನು, ಅಂದರೆ ಟಿಆರ್‌ಇಎಫ್‌ಐ ಮೌಲ್ಯವನ್ನು, ಹಿಗ್ಗಿಸಿಟ್ಟಿದ್ದರೆ ತಣ್ಣಗಿರುವಾಗ ಪಾಸಾದ ಸೆಟಿಂಗ್ ಬಿಸಿಯಲ್ಲಿ ಬೀಳುತ್ತದೆ. ಹಾಗಾಗಿ ಕೊನೆಯ ಮೆಮೊರಿ ಪರೀಕ್ಷೆಯನ್ನು ಗ್ರಾಫಿಕ್ಸ್ ಕಾರ್ಡಿಗೂ ಕೆಲಸ ಕೊಟ್ಟು, ಒಟ್ಟಿಗೇ ಓಡಿಸಬೇಕು.

ತಪ್ಪು ಸಿಕ್ಕಾಗ ವೋಲ್ಟೇಜ್ ಮುಟ್ಟುವ ಮೊದಲು ವೇಗವನ್ನು ಒಂದು ಮೆಟ್ಟಿಲು ಇಳಿಸಿ, 6400 ಇದ್ದರೆ 6200 ಅಥವಾ 6000. ರೈಜನ್ 7000ದಲ್ಲಿ ಎಸ್‌ಒಸಿ ವೋಲ್ಟೇಜನ್ನು 1.30 ದಾಟಿಸಲೇಬಾರದು. 2023ರ ಏಪ್ರಿಲ್‌ನಲ್ಲಿ ಎಕ್ಸ್3ಡಿ ಪ್ರೊಸೆಸರ್‌ಗಳು ಸುಟ್ಟ ಪ್ರಕರಣಗಳ ನಂತರ ಎಎಂಡಿ ಬಯಾಸ್ ಮೂಲಕ ಇದೇ ಮಿತಿ ಹಾಕಿತು. ಅಲ್ಲೂ ಎಕ್ಸ್‌ಪೋ ಆನ್ ಮಾಡಿದಾಗ ಬೋರ್ಡ್ ತಾನಾಗಿ ಏರಿಸುತ್ತಿದ್ದ ವೋಲ್ಟೇಜೇ ಚರ್ಚೆಗೆ ಬಂದದ್ದು.

## ಕೋರ್‌ಗಳ ಸರದಿ

ರ‍್ಯಾಮ್ ಮೂಲ ವೇಗದಲ್ಲಿರುವಾಗಲೇ ಕೋರ್ ಪರೀಕ್ಷೆ ಮಾಡಬೇಕು. ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪಿದ್ದು ಯಾವುದೆಂದು ಗೊತ್ತಾಗುವುದಿಲ್ಲ.

ಇಲ್ಲೊಂದು ಹಳೆಯ ನಂಬಿಕೆ ಬಿಡಬೇಕು. ಎಲ್ಲ ಕೋರ್‌ಗಳನ್ನೂ ಪ್ರೈಮ್95ನಲ್ಲಿ ಎಂಟು ಗಂಟೆ ಕಾಯಿಸಿದರೆ ಸ್ಥಿರತೆ ಸಾಬೀತಾಯಿತು ಅನ್ನುವುದು ಇಡೀ ಚಿಪ್ ಒಂದೇ ವೇಗದಲ್ಲಿ ಓಡುತ್ತಿದ್ದ ಕಾಲದ ಮಾತು. ಈಗ ಎಲ್ಲ ಕೋರ್‌ಗೂ ಭಾರ ಬಿದ್ದಾಗ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅತಿ ಹೆಚ್ಚಿನ ವೇಗ ಮುಟ್ಟುವುದು ಒಂದೇ ಕೋರ್‌ಗೆ ಹಗುರ ಕೆಲಸ ಬಿದ್ದಾಗ, ಬ್ರೌಸರ್ ತೆರೆದಾಗ, ವಿಂಡೋಸ್ ಅಪ್‌ಡೇಟ್ ಆಗುವಾಗ. ಅದಕ್ಕೇ ರಾತ್ರಿಯಿಡೀ ಪ್ರೈಮ್95 ದಾಟಿದ ಯಂತ್ರ ಬೆಳಿಗ್ಗೆ ಸುಮ್ಮನೆ ಕೂತಿರುವಾಗ ರೀಸ್ಟಾರ್ಟ್ ಆಗುತ್ತದೆ.

ರೈಜನ್‌ನ ಕರ್ವ್ ಆಪ್ಟಿಮೈಸರ್‌ನಲ್ಲಿ ಇದು ನಿತ್ಯದ ದೂರು. ಅಲ್ಲಿ ಒಂದು ಎಣಿಕೆ ಅಂದರೆ ಸುಮಾರು 3ರಿಂದ 5 ಮಿಲಿವೋಲ್ಟ್. ಎಲ್ಲ ಕೋರ್‌ಗೂ ಋಣ 30 ಹಾಕಿಬಿಟ್ಟರೆ 90ರಿಂದ 150 ಮಿಲಿವೋಲ್ಟ್ ಕಿತ್ತುಕೊಂಡಂತೆ. ಚಿಪ್ಪಿನ ಅತ್ಯುತ್ತಮ ಎರಡು ಕೋರ್‌ಗಳು ಇದನ್ನು ತಾಳುವುದಿಲ್ಲ. ಅವು ಆಗಲೇ ಕಡಿಮೆ ವೋಲ್ಟೇಜ್‌ನಲ್ಲಿ ಹೆಚ್ಚು ವೇಗಕ್ಕೆ ಓಡುತ್ತಿರುತ್ತವೆ, ಅವುಗಳ ಬಳಿ ಬಿಟ್ಟುಕೊಡಲು ಏನೂ ಉಳಿದಿರುವುದಿಲ್ಲ. ಕೋರ್‌ಸೈಕ್ಲರ್ ಎಂಬ ಉಚಿತ ಸಾಧನ ಒಂದು ಸಲಕ್ಕೆ ಒಂದೇ ಕೋರ್‌ನಲ್ಲಿ ಪ್ರೈಮ್95 ಓಡಿಸುತ್ತದೆ. ಎವಿಎಕ್ಸ್ ಎಂಬ ಭಾರದ ಸೂಚನೆಗಳ ಬದಲು ಎಸ್‌ಎಸ್‌ಇ ಎಂಬ ಹಗುರದವನ್ನು ಆಯ್ಕೆ ಮಾಡಿ, ಹಗುರ ಸೂಚನೆಗಳಲ್ಲೇ ವೇಗ ತುತ್ತತುದಿ ಮುಟ್ಟುವುದು. ತಪ್ಪಿದ ಕೋರ್‌ನ ಎಣಿಕೆಯನ್ನು ಋಣ 30ರಿಂದ 25ಕ್ಕೆ, ಮತ್ತೆ ತಪ್ಪಿದರೆ 20ಕ್ಕೆ ತನ್ನಿ. ಉಳಿದ ಕೋರ್‌ಗಳನ್ನು ಮುಟ್ಟಬೇಡಿ.

ಇಂಟೆಲ್ ಬೋರ್ಡ್‌ಗಳಲ್ಲಿ ಗೊಂದಲ ಹುಟ್ಟಿಸುವುದು ಲೋಡ್‌ಲೈನ್. ಕರೆಂಟ್ ಹೆಚ್ಚಾದಾಗ ದಾರಿಯಲ್ಲಿ ವೋಲ್ಟೇಜ್ ಸ್ವಲ್ಪ ಕುಸಿಯುತ್ತದೆ. ಎಸಿ ಲೋಡ್‌ಲೈನ್ ಎಂಬ ಮೌಲ್ಯ ಆ ಕುಸಿತ ಎಷ್ಟಿರುತ್ತದೆ ಎಂದು ಪ್ರೊಸೆಸರ್‌ಗೆ ಮುಂಚೆಯೇ ಹೇಳುತ್ತದೆ, ಪ್ರೊಸೆಸರ್ ಅಷ್ಟನ್ನು ಸೇರಿಸಿ ಕೇಳುತ್ತದೆ. 1.1 ಮಿಲಿಓಮ್ ಎಂದಿಟ್ಟರೆ 100 ಆಂಪಿಯರ್‌ಗೆ 110 ಮಿಲಿವೋಲ್ಟ್ ಹೆಚ್ಚುವರಿ. ಅದನ್ನೇ 0.3ಕ್ಕೆ ಇಳಿಸಿದರೆ 30 ಮಾತ್ರ. ಯಂತ್ರ ತಣ್ಣಗಿರುತ್ತದೆ, ಬೆಂಚ್‌ಮಾರ್ಕ್ ಚೆನ್ನಾಗಿ ಬರುತ್ತದೆ, ಆದರೆ ದುರ್ಬಲ ಚಿಪ್ ಬೀಳುತ್ತದೆ. ಲೋಡ್‌ಲೈನ್ ಕ್ಯಾಲಿಬ್ರೇಷನ್ ಬೇರೆ ವಿಷಯ, ಅದು ಬೋರ್ಡ್ ಕಡೆಯಿಂದ ಕುಸಿತವನ್ನು ತಡೆಯುತ್ತದೆ. ಅದನ್ನು ಅತಿ ಗಟ್ಟಿ ಮಾಡಿದರೆ ಭಾರ ತಟ್ಟನೆ ಇಳಿದಾಗ ವೋಲ್ಟೇಜ್ ಚಿಮ್ಮುತ್ತದೆ. ಆ ಚಿಮ್ಮು ಎಷ್ಟು ಕ್ಷಣಿಕವೆಂದರೆ ಸಾಮಾನ್ಯ ತಂತ್ರಾಂಶಕ್ಕೆ ಕಾಣುವುದೇ ಇಲ್ಲ. ಮಧ್ಯದ ಹಂತದಲ್ಲಿಡುವುದು ಕ್ಷೇಮ. ಕೆಲವು ಬೋರ್ಡ್‌ಗಳಲ್ಲಿ ಹಂತ 1 ಅತಿ ಗಟ್ಟಿ, ಇನ್ನು ಕೆಲವದರಲ್ಲಿ 8. ಪಕ್ಕದಲ್ಲಿರುವ ಗ್ರಾಫ್ ನೋಡದೆ ಅಂಕಿ ಒತ್ತಬೇಡಿ.

ಸವೆದ ಚಿಪ್ಪನ್ನು ಗುರುತಿಸುವ ಪರೀಕ್ಷೆಯೂ ಇಲ್ಲೇ ಬರುತ್ತದೆ. ಇಂಟೆಲ್ ಡಿಫಾಲ್ಟ್, ಹೊಸ ಮೈಕ್ರೋಕೋಡ್, ಮೂಲ ವೇಗದ ರ‍್ಯಾಮ್, ಇಷ್ಟಿದ್ದೂ ಆರ್ಕೈವ್ ಪರೀಕ್ಷೆ ತಪ್ಪುತ್ತಿದೆ ಅಂದುಕೊಳ್ಳಿ. ಪಿ-ಕೋರ್ (ಹೆಚ್ಚು ಶಕ್ತಿಯ ಕೋರ್) ಅನುಪಾತವನ್ನು, ಅಂದರೆ 100 ಮೆಗಾಹರ್ಟ್ಸ್‌ನ ಎಷ್ಟು ಪಟ್ಟು ಓಡಬೇಕೆಂಬ ಅಂಕಿಯನ್ನು, 55ರಿಂದ 53ಕ್ಕೆ ಇಳಿಸಿ ನೋಡಿ. 200 ಮೆಗಾಹರ್ಟ್ಸ್ ಇಳಿಸಿದ ಮಾತ್ರಕ್ಕೆ ತಪ್ಪುಗಳು ಮಾಯವಾದರೆ ಡಿಸ್ಕ್, ಡ್ರೈವರ್, ಗ್ರಾಫಿಕ್ಸ್ ಕಾರ್ಡ್ ಎಲ್ಲವೂ ನಿರಪರಾಧಿಗಳು. ಆದರೆ 53ರಲ್ಲಿ ಓಡುತ್ತಿದೆಯಲ್ಲ ಎಂದು ಬಿಟ್ಟುಬಿಡುವುದು ಜಾಣತನವಲ್ಲ. ಹೇಳಿದ ವೇಗದಲ್ಲಿ ಓಡದ ಚಿಪ್ ವಾರಂಟಿಯ ಚಿಪ್. ಕೆಲವು ತಿಂಗಳಲ್ಲಿ 53 ಹೋಗಿ 52 ಬೇಕಾಗಬಹುದು.

## ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಎರಡು ಮಾತು

ಕಾರ್ಡ್ ಎರಡು ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ಮತ್ತೆ ಶುರು ಮಾಡುತ್ತದೆ, ಪರದೆ ಕಪ್ಪಾಗಿ ಮರಳಿ ಬರುತ್ತದೆ. ಕೋರ್ ಓವರ್‌ಕ್ಲಾಕ್ ಅತಿಯಾದದ್ದರ ಲಕ್ಷಣ ಇದು. ಮೆಮೊರಿ ಓವರ್‌ಕ್ಲಾಕ್ ಹಾಗಲ್ಲ. ಜಿಡಿಡಿಆರ್6ಎಕ್ಸ್‌ನಂಥ ಮೆಮೊರಿ ಸಾಗಣೆಯಲ್ಲಿ ತಪ್ಪಾದ ಡೇಟಾವನ್ನು ಮತ್ತೆ ಕಳಿಸುತ್ತದೆ. ಕ್ರ್ಯಾಶ್ ಆಗುವುದಿಲ್ಲ, ವೇಗ ಏರಿಸಿದಂತೆ ಫ್ರೇಮ್ ಸಂಖ್ಯೆ ಇಳಿಯತೊಡಗುತ್ತದೆ. ಹೀಗಾಗಿ 100 ಮೆಗಾಹರ್ಟ್ಸ್ ಏರಿಸಿದಾಗಲೆಲ್ಲ ಅದೇ ಬೆಂಚ್‌ಮಾರ್ಕ್ ಓಡಿಸಿ, ಅಂಕ ಇಳಿದ ಕಡೆಯಿಂದ ಎರಡು ಮೆಟ್ಟಿಲು ಹಿಂದೆ ಬನ್ನಿ.

## ಇದರಿಂದ ಮುಂದೆ ಆಗುವುದೇನು?

ಮೈಕ್ರೋಕೋಡ್ ಹೊಸ ಸವೆತವನ್ನು ತಡೆಯುತ್ತದೆ, ಆದ ಸವೆತವನ್ನು ತುಂಬಿಕೊಡುವುದಿಲ್ಲ. ಅದಕ್ಕೇ ಇಂಟೆಲ್ ತೊಂದರೆಗೆ ಒಳಗಾಗಬಹುದಾದ ಡೆಸ್ಕ್‌ಟಾಪ್ ಮಾದರಿಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿ ಐದು ವರ್ಷ ಮಾಡಿತು. 2022ರ ಕೊನೆಯಲ್ಲಿ ಕೊಂಡ 13900ಕೆಗೆ 2027ರ ಕೊನೆಯವರೆಗೆ ಅವಕಾಶ ಇದೆ. ಬಿಡಿ ಪ್ರೊಸೆಸರ್ ಆದರೆ ಇಂಟೆಲ್‌ಗೆ, ಸಿದ್ಧ ಕಂಪ್ಯೂಟರಿನ ಜೊತೆ ಬಂದದ್ದಾದರೆ ಅದನ್ನು ಮಾರಿದ ಕಂಪನಿಗೆ ಹೋಗಬೇಕು.

ಓವರ್‌ಕ್ಲಾಕ್ ಮಾಡುವವರಿಗೆ 0ಎಕ್ಸ್129 ಕೈಕಟ್ಟು ಹಾಕಿಲ್ಲ ಎಂಬುದನ್ನೂ ಗಮನಿಸಬೇಕು. ಅನ್‌ಲಾಕ್ ಇರುವ ಚಿಪ್‌ಗಳಲ್ಲಿ ಇಟಿವಿಬಿ ಆಫ್ ಮಾಡಿದರೆ 1.55 ವೋಲ್ಟ್ ಮೀರಿ ಹೋಗಬಹುದು ಎಂದು ಇಂಟೆಲ್ ತಾನೇ ಹೇಳಿದೆ. ಆದರೆ ಬೇಲಿ ದಾಟಿದವರ ಜವಾಬ್ದಾರಿ ಅವರದೇ. ಎಷ್ಟೋ ಹಳೆಯ ಟ್ಯೂನಿಂಗ್ ಸಲಹೆಗಳಲ್ಲಿ ಇಟಿವಿಬಿ ಆಫ್ ಮಾಡಿ ಎಂಬ ಸಾಲು ಈಗಲೂ ಉಳಿದಿದೆ. ಅದನ್ನು ನೋಡಿ ಒತ್ತುವವರಿಗೆ ತಾವು ತೆಗೆದದ್ದು ಯಾವ ಬೇಲಿ ಎಂಬುದು ತಿಳಿದಿರುವುದಿಲ್ಲ.

ತಯಾರಕರ ಕಡೆ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. 2025ರ ಏಪ್ರಿಲ್‌ನಲ್ಲಿ ಇಂಟೆಲ್ ಕೋರ್ ಅಲ್ಟ್ರಾ 200ಎಸ್ ಸರಣಿಯ ಅನ್‌ಲಾಕ್ ಚಿಪ್‌ಗಳಿಗೆ '200ಎಸ್ ಬೂಸ್ಟ್' ಎಂಬ ಬಯಾಸ್ ಪ್ರೊಫೈಲ್ ತಂದಿತು. ಚಿಪ್ಪಿನ ಒಳಸಂಪರ್ಕಗಳ ವೇಗವನ್ನು 3.2 ಗಿಗಾಹರ್ಟ್ಸ್‌ವರೆಗೆ, ಮೆಮೊರಿಯನ್ನು 8000ವರೆಗೆ ಏರಿಸುವ ಅಪ್ಪಟ ಓವರ್‌ಕ್ಲಾಕ್ ಅದು, ಆದರೆ ವಾರಂಟಿಯ ಒಳಗೇ. ಅಲ್ಲಿ ಕೋರ್‌ಗಳನ್ನು ಮುಟ್ಟಿಲ್ಲ, ವೋಲ್ಟೇಜ್‌ಗೆ ಮೇಲ್ಮಿತಿ ಬರೆದಿಟ್ಟಿದ್ದಾರೆ. ರ‍್ಯಾಪ್ಟರ್ ಲೇಕ್ ಎಂಬ ಹೆಸರಿನ ಈ 13, 14ನೇ ತಲೆಮಾರಿಗೆ ತಯಾರಕರ ಕಡೆಯಿಂದ ಇಂಥ ಗಟ್ಟಿ ಗೆರೆ ಮೊದಲ ದಿನವೇ ಇದ್ದಿದ್ದರೆ ಬೋರ್ಡ್‌ಗಳಿಗೆ 4096 ವ್ಯಾಟ್ ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ.

ಸದ್ಯ ಹೆಚ್ಚು ಪೆಟ್ಟು ತಿನ್ನುವುದು ಸೆಕೆಂಡ್‌ಹ್ಯಾಂಡ್ ಕೊಳ್ಳುವವರು. ಸವೆದ ಚಿಪ್ ನೋಡಲು ಹೊಸದರಂತೆಯೇ ಇರುತ್ತದೆ, ಬೂಟ್ ಆಗುತ್ತದೆ, ಸಿನೆಬೆಂಚ್ ಎಂಬ ವೇಗದ ಪರೀಕ್ಷೆಯನ್ನೂ ಮುಗಿಸುತ್ತದೆ. ಅದು ಯಾವ ಮೈಕ್ರೋಕೋಡ್‌ನಲ್ಲಿ, ಎಷ್ಟು ತಿಂಗಳು, ಎಷ್ಟು ವೋಲ್ಟೇಜ್‌ನಲ್ಲಿ ಓಡಿತ್ತು ಎಂಬುದು ಚಿಪ್ಪಿನ ಮೇಲೆ ಎಲ್ಲೂ ಬರೆದಿರುವುದಿಲ್ಲ. ಕೊಳ್ಳಲೇಬೇಕಾದರೆ ಕೊಂಡ ತಾರೀಖಿನ ರಸೀದಿ, ವಾರಂಟಿಗೆ ಬೇಕಾಗುವ ಬ್ಯಾಚ್ ಮತ್ತು ಸೀರಿಯಲ್ ಸಂಖ್ಯೆ ಕೇಳಿ ಪಡೆಯಿರಿ. ಇಂಟೆಲ್ ಡಿಫಾಲ್ಟ್‌ನಲ್ಲಿ, ಯಾವ ಅನುಪಾತವನ್ನೂ ಇಳಿಸದೆ, ದೊಡ್ಡ ಆರ್ಕೈವ್ ಪರೀಕ್ಷೆ ಹತ್ತು ಸಲ ಸತತವಾಗಿ ತಪ್ಪಿಲ್ಲದೆ ಮುಗಿಯುವುದನ್ನು ಎದುರಿಗೇ ನೋಡಿ. ಮಾರುವವರು ಬಯಾಸ್ ತೋರಿಸಲು ಒಪ್ಪದಿದ್ದರೆ ಆ ವ್ಯವಹಾರ ಅಲ್ಲಿಗೇ ಬಿಡಿ.